ಗಂಗುಲಪ್ಪನ ದಳವಾಯಿ ಕಾಸು

ಕ್ಯಾಲನೂರಿನ ಡೈರಿಯಲ್ಲಿ ಹಾಲು ಅಳೆಯುವ ಗಂಗುಲಪ್ಪನಿಗೆ ಹಿತ್ತಲಲ್ಲಿ ತಿಪ್ಪೆಗುಂಡಿ ತೋಡುವಾಗ ಒಂದು ತಾಮ್ರದ ಕಾಸು ಸಿಕ್ಕಿತು. ಸಿಕ್ಕಿದ್ದೇ ತಪ್ಪಾಯಿತು ನೋಡಿ. ಮೈಯೆಲ್ಲ ಹಸಿರು ಕಿಲುಬು, ಅಂಚಿನಲ್ಲೊಂದು ತೂತು, ಒಂದು ಮಗ್ಗುಲು ಜಜ್ಜಿಹೋಗಿತ್ತು. ಭಿಕ್ಷುಕನೂ ಮುಟ್ಟದಂಥ ಆ ಕಾಸನ್ನು ಗಂಗುಲಪ್ಪ ಮೂರು ದಿನ ನೋಡಿ ನೋಡಿ ಇತಿಹಾಸ ಕಟ್ಟಿಯೇಬಿಟ್ಟ. ಅವನ ವಂಶದಲ್ಲಿ ಪಾಳೇಗಾರರ ದಳವಾಯಿಯೊಬ್ಬನಿದ್ದನಂತೆ. ಯುದ್ಧದಲ್ಲಿ ಅವನ ಎದೆ ಕಾಯ್ದದ್ದು ಇದೇ ಕಾಸಂತೆ. ತೂತು ಬಾಣದ್ದು, ಜಜ್ಜಿದ್ದು ಕತ್ತಿಯ ಏಟಿನದು.

ಕೇಳಿ ಕೇಳಿ ಊರು ಸುಸ್ತಾಯಿತು. ಆದರೆ ಅವನ ಸಂಕಟ ಅವನಿಗೆ. ಡೈರಿಯ ಅಧ್ಯಕ್ಷ ಚನ್ನರಾಯಪ್ಪ ದಿನಾ ಬೆಳಗ್ಗೆ ತನ್ನ ತಾತನ ಕುದುರೆಯ ಕತೆ ಹೇಳುವಾಗ, ಎಂಟು ವರ್ಷದಿಂದ ಹೂಂಗುಟ್ಟುತ್ತಿದ್ದವನು ಈ ಗಂಗುಲಪ್ಪನೇ. ತನಗೂ ಹೇಳಿಕೊಳ್ಳಲು ಒಬ್ಬ ತಾತ ಬೇಕೆನಿಸಿದರೆ ತಪ್ಪೇ?

ಗಂಗುಲಪ್ಪ ಬರೆದುಕೊಂಡಿದ್ದಕ್ಕೆ ಕೋಲಾರದಿಂದ ಇತಿಹಾಸದ ಮೇಷ್ಟ್ರು ಕೋದಂಡರಾಮಪ್ಪನವರ ಉತ್ತರವೂ ಬಂತು. ‘ಗುರುವಾರ ಬಂದು ನೋಡುತ್ತೇನೆ. ಯೋಗ್ಯವಾಗಿದ್ದರೆ ನಮ್ಮ ಶಾಲೆಯ ಗಾಜಿನ ಬೀರುವಿನಲ್ಲಿ ನಿಮ್ಮ ಹೆಸರಿನ ಚೀಟಿ ಸಮೇತ ಇಡೋಣ. ಯಾವ ಕಾರಣಕ್ಕೂ ತೊಳೆಯಬೇಡಿ.’

ಗುರುವಾರ ಬೆಳಗಾಗುತ್ತಲೇ ಜಗಲಿ ತುಂಬಿತು.

“ಕ್ಯಾ ಗಂಗುಲಪ್ಪ, ಮೇಷ್ಟ್ರ ಮುಂದೆ ಇಂಥಾ ಗಲೀಜು ಇಡ್ತೀಯಾ?” ಎಂದ ಪಾತ್ರೆಗೆ ಕಲಾಯಿ ಹಾಕುವ ಲಿಯಾಖತ್. “ಇಲ್ಲಿ ಕೊಡು, ಎರಡೇ ನಿಮಿಷ. ಮುಖ ನೋಡ್ಕೋಬೋದು, ಹಂಗ್ ಮಾಡ್ತೀನಿ.”

“ನಿಂಬೆಹಣ್ಣು ಉಪ್ಪು ಹಾಕಿ ಉಜ್ಜಣ್ಣ,” ಎಂದಳು ಪಕ್ಕದ ಮನೆ ಅನಸೂಯಮ್ಮ.

ಚನ್ನರಾಯಪ್ಪ ಮೀಸೆಯಡಿ ನಕ್ಕ. “ಅವನೆಲ್ಲಿ ತೊಳೀತಾನೆ? ತೊಳೆದ್ರೆ ದಳವಾಯಿ ಬಣ್ಣ ಬಿಟ್ಟುಬಿಡ್ತಾನಲ್ಲ!”

“ಯಾರೂ ಮುಟ್ಟಬೇಡಿ! ಇದು ಮುನ್ನೂರು ವರ್ಷದ ಕಿಲುಬು, ನಮ್ಮ ವಂಶದ ಕಿಲುಬು!” ಎಂದು ಗಂಗುಲಪ್ಪ ಕೂಗಿಕೊಂಡ. ಯಾರೂ ಕೈಹಾಕದ ಜಾಗವೆಂದು ಕಾಸನ್ನು ದೇವರ ಗೂಡಿನ ಆರತಿ ತಟ್ಟೆಯಲ್ಲಿಟ್ಟು, ಇಸ್ತ್ರಿ ಅಂಗಿ ತೊಟ್ಟು ಬಸ್ಸಿಗೆ ಕಾಯಲು ಹೋದ.

ಬಸ್ಸು ಎರಡು ಗಂಟೆ ತಡ. ಮೇಷ್ಟ್ರನ್ನು ಕರೆದುಕೊಂಡು, ಎದೆಯುಬ್ಬಿಸಿ, ಬೇಕೆಂದೇ ಚನ್ನರಾಯಪ್ಪನ ಮುಂದೆ ನಿಧಾನವಾಗಿ ಹಾದು ಒಳಗೆ ಹೋದ. ದೇವರ ಗೂಡು ನೋಡಿದವನ ಜೀವ ಬಾಯಿಗೆ ಬಂತು. ದೀಪ ಥಳಥಳ, ಗಂಟೆ ಥಳಥಳ, ತಟ್ಟೆ ಥಳಥಳ. ತಟ್ಟೆಯ ನಡುವೆ ಕುಂಕುಮ ಇಡಿಸಿಕೊಂಡು ದಳವಾಯಿ ಕಾಸೂ ಥಳಥಳ!

ತಿಂಗಳಿಂದ ನಂಗಲಿಯ ಮಗಳ ಮನೆಯಲ್ಲಿದ್ದು, ಅವನು ಅತ್ತ ಹೋದಮೇಲೆ ಅಳಿಯನ ಬೈಕಿನಲ್ಲಿ ಬಂದಿಳಿದಿದ್ದ ಅವನ ತಾಯಿ ಚಿಕ್ಕಗಂಗಮ್ಮ, ಕೈಯಲ್ಲಿನ್ನೂ ಹುಣಸೆಹಣ್ಣಿನ ಪಿಪ್ಪೆ ಹಿಡಿದೇ ನಿಂತಿದ್ದಳು. “ನಾಳೆ ಶುಕ್ರವಾರ ಅಲ್ವೇನೋ? ಎಲ್ಲಾ ಬೆಳಗಿಟ್ಟೆ.”

“ಅಮ್ಮಾ! ಮುನ್ನೂರು ವರ್ಷ ತೊಳೆದುಬಿಟ್ಯಲ್ಲೇ!” ಗಂಗುಲಪ್ಪನಿಗೆ ಅಳುವೇ ಬಂತು.

ಮೇಷ್ಟ್ರು ಕನ್ನಡಕ ಏರಿಸಿ ಕಾಸು ತಿರುಗಿಸಿದರು. “ಬ್ರಿಟಿಷರ ಕಾಲಾಣೆ ಇದು. ಸಾವಿರದ ಒಂಬೈನೂರ ಮೂವತ್ತೆಂಟು.”

ಜಗಲಿಯಲ್ಲಿ ಚನ್ನರಾಯಪ್ಪ ಗಹಗಹಿಸಿ ನಕ್ಕ. ಮಗನನ್ನು ನೋಡಿ ನಕ್ಕರೆ ಚಿಕ್ಕಗಂಗಮ್ಮ ಸುಮ್ಮನಿರುವವಳೇ?

“ಯಾಕ್ ನಗ್ತೀಯಾ? ಇದೇನು ಬೀದಿ ಕಾಸು ಅಂದ್ಕೊಂಡ್ಯಾ? ನನ್ನ ಮಗನ ಉಡಿದಾರದ ಕಾಸು ಕಣಯ್ಯಾ! ದೃಷ್ಟಿ ಆಗ್ಬಾರ್ದು ಅಂತ ನಾನೇ ಕಟ್ಟಿದ್ದೆ. ತೂತು ಕಮ್ಮಾರ ಪೆದ್ದಪ್ಪ ಹೊಡೆದಿದ್ದು. ಅಂಚು ಹೊಟ್ಟೆಗೆ ಚುಚ್ಚುತ್ತೆ ಅಂತ ಅವರಪ್ಪ ಗುಂಡುಕಲ್ಲಲ್ಲಿ ಜಜ್ಜಿದ್ರು. ನಾಲ್ಕು ವರ್ಷದವನು, ಮೈಮೇಲೆ ಇದೊಂದೇ, ಬೇರೆ ಚೂರು ಬಟ್ಟೆ ಇಲ್ಲ. ತಿಪ್ಪೆ ಹಿಂದೆ ಕೂತು ಬಂದ, ಕಾಸಿಲ್ಲ! ಎಷ್ಟು ಹುಡುಕಿದ್ದೀನಿ ನಾಯನಾ!” ಮಗನ ಕೆನ್ನೆ ಸವರುತ್ತಾ ಹೆಮ್ಮೆಯಿಂದ ಅತ್ತೇಬಿಟ್ಟಳು.

“ಕೊಡಿ ಮೇಷ್ಟ್ರೇ, ಬಾವಿಗೆ ಹಾಕ್ತೀನಿ,” ಎಂದು ಗಂಗುಲಪ್ಪ ಕೈಚಾಚಿದ.

“ಎಲ್ಲಾದರೂ ಉಂಟೇ! ಪಾಳೇಗಾರರ ಕಾಸು ನಮ್ಮಲ್ಲಿ ಹತ್ತಿವೆ. ಉಡಿದಾರದ ಕಾಸು ಒಂದೂ ಇಲ್ಲ. ಅದೂ ಧರಿಸಿದವರ ಹೆಸರು ಗೊತ್ತಿರುವುದು!” ಮೇಷ್ಟ್ರು ಕಾಸನ್ನು ಜೋಪಾನವಾಗಿ ಕಿಸೆಗಿಳಿಸಿದರು.

ಕಾಸು ಈಗ ಗಾಜಿನ ಬೀರುವಿನಲ್ಲಿದೆ. ಗಂಗುಲಪ್ಪ ಆಸೆಪಟ್ಟಂತೆ ಹೆಸರೂ ದಪ್ಪಕ್ಷರದಲ್ಲಿದೆ: ‘ಮಕ್ಕಳ ದೃಷ್ಟಿಕಾಸು. ಧರಿಸಿದವರು: ಕ್ಯಾಲನೂರು ಡೈರಿಯ ಗಂಗುಲಪ್ಪನವರು.’ ಚಿಕ್ಕಗಂಗಮ್ಮ ನೆಂಟರನ್ನೆಲ್ಲ ಬಸ್ಸು ಹತ್ತಿಸಿಕೊಂಡು ಹೋಗಿ ತೋರಿಸಿ ಬರುತ್ತಾಳೆ.

ಚನ್ನರಾಯಪ್ಪ ತಾತನ ಕುದುರೆಯ ಕತೆಯನ್ನು ಬಿಟ್ಟೇಬಿಟ್ಟಿದ್ದಾನೆ. ದಿನಾ ಬೆಳಗ್ಗೆ ಹಾಲು ತಂದವರಿಗೆಲ್ಲ ಉಡಿದಾರದ ಕತೆಯನ್ನೇ ಮೊದಲಿಂದ ಹೇಳುತ್ತಾನೆ. ಗಂಗುಲಪ್ಪ ಹಾಲು ಅಳೆಯುತ್ತಾ ಹೂಂಗುಟ್ಟುತ್ತಾನೆ.