ಮುನ್ನೂರು ವರ್ಷದ ಇರುವೆ

ಬಾಯಿಗೆ ಬೀಗ ಹಾಕಿಕೊಂಡಿರುವುದಾದರೆ ಮಾತ್ರ ಜೊತೆಗೆ ಬಾ ಎಂದು ಗಡಿಯಾರ ರಿಪೇರಿಯವನು ಭಾಮೈದನಿಗೆ ಮೂರು ಸಲ ಹೇಳಿದ್ದ. ಅವನು ಮೂರು ಸಲವೂ ತಲೆಯಾಡಿಸಿದ್ದ. ನಂಬಿದ್ದೇ ತಪ್ಪಾಯಿತು.

ಹಳೆಯ ವಿಜ್ಞಾನ ಉಪಕರಣಗಳ ಮ್ಯೂಸಿಯಂಗೆ ರಿಪೇರಿಯವನೊಬ್ಬ ಬೇಕಾಗಿದ್ದ. ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಬೆನ್ನು ಬಗ್ಗಿಸಿದವನಿಗೆ ಆ ಕಾಯಂ ಕೆಲಸದ ಆಸೆಯಿಂದ ವಾರವಿಡೀ ನಿದ್ದೆ ಹತ್ತಿರಲಿಲ್ಲ. ಒಳಗೆ ಕಾಲಿಟ್ಟದ್ದೇ ಬಂದ ಕೆಲಸ ಮರೆತ. ಹಿತ್ತಾಳೆಯ ದೂರದರ್ಶಕ, ಕೂದಲೆಳೆಯನ್ನೂ ತೂಗುವ ತಕ್ಕಡಿ, ಗೇಣುದ್ದದ ಸೂಕ್ಷ್ಮದರ್ಶಕ! ಒಂದೊಂದು ಗಾಜಿನ ಪೆಟ್ಟಿಗೆಗೂ ಮೂಗೊತ್ತಿ ನೋಡಿದ. ಕಾವಲುಗಾರ ಆ ಮೂಗಿನ ಗುರುತುಗಳನ್ನು ಒರೆಸುತ್ತಾ ಹಿಂದೆಯೇ ಬಂದ.

"ಭಾವ, ನಮ್ಮಕ್ಕನ್ನ ಯಾವತ್ತಾದ್ರೂ ಹೀಗೆ ನೋಡಿದೀರಾ?"

"ಬೀಗ ಎಲ್ಲೋ?" ಎಂದು ಭಾವ ಗದರಿದ.

ಮ್ಯೂಸಿಯಂನ ನಿರ್ದೇಶಕಿ ಇಬ್ಬರನ್ನೂ ಆಳೆತ್ತರದ ಗಡಿಯಾರವೊಂದರ ಮುಂದೆ ನಿಲ್ಲಿಸಿದರು. "ನಕ್ಷತ್ರ ನೋಡೋರು ಹೊತ್ತು ಅಳೆಯೋಕೆ ಇಟ್ಕೊಂಡಿದ್ದು. ಮುನ್ನೂರು ವರ್ಷದ್ದು. ನಮ್ಮಲ್ಲಿಗೆ ಬಂದಾಗಿಂದ ಓಡಿಲ್ಲ. ಓಡಿಸಿದ್ರೆ ಕೆಲಸ ನಿಮ್ಮದೇ."

ಅವನು ಕೀಲಿ ಕೊಟ್ಟು, ಲೋಲಕ ತೂಗಿಸಿ, ಕಿವಿಯಿಟ್ಟು ಕೇಳಿದ. ಬಸ್ ಟಿಕೆಟ್ಟೊಂದನ್ನು ಮಡಚಿ, ಓರೆಯಾಗಿ ನಿಂತಿದ್ದ ಗಡಿಯಾರದ ಒಂದು ಕಾಲಿನಡಿ ತೂರಿಸಿದ. ಗಡಿಯಾರ ಓಡತೊಡಗಿತು. ನೋಡಲು ಬಂದವರೆಲ್ಲ ಚಪ್ಪಾಳೆ ತಟ್ಟಿದರು.

"ಇಷ್ಟು ಬೇಗ ಹೇಗೆ ಗೊತ್ತಾಯ್ತು?"

"ಎಲ್ಲೋ ಕೇಳಿದ ದನಿ ಅನ್ನಿಸ್ತು ಮೇಡಂ."

"ನಾಳೆಯಿಂದಲೇ ಬನ್ನಿ."

ಅವನಿಗೆ ಸ್ವರ್ಗ ಮೂರೇ ಗೇಣು.

"ಹಿಂದಿನ ಮುಚ್ಚಳ ತೆಗೀರಿ, ಮಾಡಿದವರ ಗುರುತಿದೆಯೋ ನೋಡೋಣ" ಎಂದು ನಿರ್ದೇಶಕಿ ಭೂತಗನ್ನಡಿ ತಂದರು. ಅವನು ಸಡಗರದಿಂದಲೇ ತೆಗೆದ. ಹಿತ್ತಾಳೆಯ ಮೇಲೆ ಮೂರು ಚುಕ್ಕೆ, ಆರು ಗೀಟು: ಒಂದು ಇರುವೆ.

ಬಿಚ್ಚಿ ಜೋಡಿಸಿದ ಗಡಿಯಾರದೊಳಗೆ ತನ್ನ ಗುರುತು ಗೀಚಿ ಇಸವಿ ಬರೆಯುವುದು ಕಸುಬಿನವರ ರೂಢಿ. ಇರುವೆ ಅವನದೇ. ಯಾವನೋ ಹಳೆ ಸಾಮಾನಿನ ವ್ಯಾಪಾರಿ, ಮನೆಯ ಮೂಲೆಗೆ ಅಂದವಾಗಿರಲಿ ಎಂದು ಹೇಳಿ, ಐದು ಮುರುಕು ಗಡಿಯಾರ ಕೊಟ್ಟು ಒಂದನ್ನು ಮಾಡಿಸಿಕೊಂಡು ಹೋಗಿದ್ದ.

ನಿರ್ದೇಶಕಿ ಇರುವೆಯ ಕೆಳಗೆ 'ಮಾಡಿದ್ದು' ಎಂದು ಗೀಚಿದ್ದ ಇಸವಿ ಓದಿದರು. ಮುಖ ಕೆಂಪಾಯಿತು. "ಹದಿನೈದು ವರ್ಷದ ಹಿಂದಿಂದು! ನಮಗೆ ಟೋಪಿ ಹಾಕಿದಾರೆ. ನೋಡಿ, ನಿಮ್ಮ ಮೊದಲ ಕೆಲಸ ಇದೇ. ಈ ಇರುವೆ ಯಾರದ್ದು ಅಂತ ಪತ್ತೆ ಮಾಡಿ. ಅವನನ್ನ ಪೊಲೀಸರಿಗೆ ಕೊಡದೆ ಬಿಡಲ್ಲ."

"ಆಗ್ಲಿ ಮೇಡಂ" ಎಂದ ಅವನು. "ಆದ್ರೆ ರಿಪೇರಿಯವರು ಬಹಳ ಜನ ಇದಾರೆ. ನಾಲ್ಕೈದು ವರ್ಷ ಹಿಡೀಬಹುದು."

ಅಷ್ಟು ಹೊತ್ತು ಕಷ್ಟಪಟ್ಟು ಸುಮ್ಮನಿದ್ದ ಭಾಮೈದನಿಗೆ ಈಗ ಭಾವನಿಗೆ ನೆರವಾಗುವ ಹುಮ್ಮಸ್ಸು ಬಂತು. ಕೈಗಡಿಯಾರ ಕಳಚಿ, ಅದರ ಹಿಂದಿನ ಮುಚ್ಚಳ ತೆಗೆದು ನಿರ್ದೇಶಕಿಯ ಮುಂದೆ ಹಿಡಿದ.

"ಅಷ್ಟು ದಿನ ಯಾಕೆ ಭಾವ? ಹೊಚ್ಚ ಹೊಸದು ಅಂತ ನೀವೇ ನನಗೆ ತಂದ್ಕೊಟ್ರಲ್ಲ, ಇದರ ಮುಚ್ಚಳದ ಒಳಗೂ ಇಂಥದ್ದೇ ಇರುವೆ ಇದೆ. ಯಾರ ಹತ್ರ ತಗೊಂಡ್ರಿ ಅಂತ ಹೇಳಿಬಿಡಿ, ಈಗಲೇ ಹಿಡ್ಕೊಂಡು ಬರ್ತೀನಿ."

ನಿರ್ದೇಶಕಿ ಭೂತಗನ್ನಡಿಯಲ್ಲಿ ವಾಚು ನೋಡಿದರು. ಆಮೇಲೆ ಅದೇ ಭೂತಗನ್ನಡಿಯಲ್ಲಿ ರಿಪೇರಿಯವನನ್ನು ನೋಡಿದರು.

ಕಾವಲುಗಾರ ಒರೆಸುವ ಬಟ್ಟೆ ಕೆಳಗಿಟ್ಟು, ಹೋಗಿ ಹೊರಬಾಗಿಲಿಗೆ ಬೀಗ ಹಾಕಿದ.