ಇಂಗ್ಲಿಷ್ ಕಾಡಿನಲ್ಲಿ ನನ್ನ ಮೌನವ್ರತ

ಕಾಡಿಗೆ ಹೋಗಿ ಸುಮ್ಮನೆ ಕೂತು ಬರುವುದರಲ್ಲಿ ಎಡವಟ್ಟಾಗುವಂಥದ್ದು ಏನಿದೆ ಹೇಳಿ. ನಲ್ಲಿ ರಿಪೇರಿಗೆ ಹೊರಟರೆ ಪೈಪು ಒಡೆಯಬಹುದು. ಕಪಾಟು ಜೋಡಿಸಲು ಕೂತರೆ ಕೊನೆಗೆ ಒಂದು ಬಾಗಿಲು ಮಿಕ್ಕಿಬಿಡಬಹುದು. ಇವೆರಡೂ ಲಂಡನ್ನಿನ ಗ್ರೀನ್‌ಫರ್ಡಿನ ನಮ್ಮ ಮನೆಯಲ್ಲಿ ನನ್ನ ಕೈಯಿಂದಲೇ ಆಗಿವೆ. ಆದರೆ ಕಾಡಿನಲ್ಲಿ ರಿಪೇರಿ ಮಾಡಲು ಏನೂ ಇಲ್ಲ. ಬಾಯಿ ಮುಚ್ಚಿಕೊಂಡು ನಡೆಯಬೇಕು, ಅಷ್ಟೇ. ಅಷ್ಟನ್ನು ನಾನು ಮಾಡಲಾರೆನೆ ಎಂದುಕೊಂಡೆ.

ಶುರುವಾದದ್ದು ನನ್ನ ಹೆಂಡತಿ ವಿನಯಾಳಿಂದ. ಅವಳು ಒಂದು ಜಿ.ಪಿ. ಸರ್ಜರಿಯಲ್ಲಿ, ಅಂದರೆ ಡಾಕ್ಟರರ ಕ್ಲಿನಿಕ್ಕಿನಲ್ಲಿ, ರಿಸೆಪ್ಷನಿಸ್ಟ್. ವಾರವಿಡೀ ಜನರ ಕೆಮ್ಮು, ಬೆನ್ನುನೋವು, ಹೊಟ್ಟೆಯುರಿಯೆಲ್ಲ ಫೋನಿನಲ್ಲಿ ಬಂದು ಅವಳ ಕಿವಿಗೆ ಬೀಳುತ್ತವೆ. ನಾನು ಒಂದು ಗೋದಾಮಿನಲ್ಲಿ ಶಿಫ್ಟ್ ಮೇಲ್ವಿಚಾರಕ. ಫೋರ್ಕ್‌ಲಿಫ್ಟ್ ಸದ್ದಿನ ಮೇಲೆ ಕೂಗಿ ಕೂಗಿ ನನ್ನ ದನಿಗೆ ಕೆಳಗಿಳಿಯುವುದೇ ಮರೆತುಹೋಗಿದೆ. ಮನೆಗೆ ಬಂದ ಮೇಲೂ ಆ ದಿನ ನಡೆದದ್ದನ್ನೆಲ್ಲ ಅವಳಿಗೆ ಒಪ್ಪಿಸದೆ ನನಗೆ ಊಟ ಸೇರುವುದಿಲ್ಲ.

ಏಪ್ರಿಲ್ ಕೊನೆಯ ಒಂದು ಸಂಜೆ ಚಹಾ ಕುಡಿಯುತ್ತಾ ಅವಳು ಹೇಳಿದಳು: "ನಮ್ಮ ಸರ್ಜರಿಯ ನರ್ಸ್ ಒಬ್ರು ವಾಕಿಂಗ್ ಗ್ರೂಪಿಗೆ ಹೋಗ್ತಾರಂತೆ. ಪ್ರತಿ ಭಾನುವಾರ ಕಾಡಿನಲ್ಲಿ ನಡೆಯುವುದು, ಯಾರೂ ಮಾತಾಡ್ಲಿಕ್ಕಿಲ್ಲ. ನಾನೂ ಸೇರ್ತೇನೆ."

ಬಾಯಿಗೆ ಹೊರಟಿದ್ದ ಚಕ್ಕುಲಿ ಅರ್ಧದಲ್ಲೇ ನಿಂತಿತು. ಭಾನುವಾರವೆಂದರೆ ನಮ್ಮಿಬ್ಬರಿಗೂ ಒಟ್ಟಿಗೆ ರಜೆ ಬೀಳುವ ಒಂದೇ ದಿನ. ಮಗಳು ನಿಧಿ ಓದಲು ಲೀಡ್ಸ್‌ಗೆ ಹೋದ ಮೇಲೆ ಮನೆಯಲ್ಲಿ ಇರುವವರೇ ನಾವಿಬ್ಬರು. ಆ ದಿನವನ್ನೂ ಇವಳು ಬೇರೆಯವರ ಜೊತೆ ಸುಮ್ಮನಿರಲು ಕೊಟ್ಟುಬಿಟ್ಟರೆ ನಾನು ಯಾರ ಹತ್ತಿರ ಮಾತಾಡಲಿ? ನನಗೆ ನಿಜವಾಗಿಯೂ ಹೆದರಿಕೆಯಾಯಿತು.

"ಸುಮ್ಮನಿರ್ಲಿಕ್ಕೆ ಗ್ರೂಪ್ ಎಂತಕ್ಕೆ ಮಾರಾಯ್ತಿ? ನಾನಿಲ್ವಾ?" ಎಂದೆ.

ಅವಳು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

"ಆಯ್ತು. ಈ ಭಾನುವಾರ ನೀವೇ ಕರ್ಕೊಂಡು ಹೋಗಿ. ಕಾಡಿನ ಗೇಟು ದಾಟಿದ ಮೇಲೆ ವಾಪಸ್ ಗೇಟಿಗೆ ಬರುವ ತನಕ ಒಂದು ಮಾತೂ ಆಡ್ಬಾರ್ದು. ಆಡದಿದ್ರೆ ಭಾನುವಾರ ನಿಮ್ಮದು. ಆಡಿದ್ರೆ ನಾನು ಗ್ರೂಪಿಗೆ."

ನಾನು ಕಂಕಣಬದ್ಧನಾದೆ. ಭಾನುವಾರ ಬೆಳಿಗ್ಗೆ ಎ-ಫಾರ್ಟಿ ರಸ್ತೆ ಹಿಡಿದು ಅಕ್ಸ್‌ಬ್ರಿಜ್ ದಾಟುವವರೆಗೂ ನನ್ನಲ್ಲಿದ್ದ ಮಾತಿನ ದಾಸ್ತಾನನ್ನೆಲ್ಲ ಮುಂಗಡವಾಗಿ ಖಾಲಿ ಮಾಡಿದೆ. ಗೋದಾಮಿನ ರಾಜಕೀಯ, ಪಕ್ಕದ ಮನೆಯವರ ಬೇಲಿ, ಕೌನ್ಸಿಲ್‌ನವರ ಕಸದ ಡಬ್ಬಿ ಯಾವುದನ್ನೂ ಬಿಡಲಿಲ್ಲ. ಒಳಗೆ ಏನೂ ಉಳಿಯದಿದ್ದರೆ ಹೊರಗೆ ಏನು ಬಂದೀತು ಎಂಬುದು ನನ್ನ ಲೆಕ್ಕಾಚಾರ. ವಿನಯಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಕಾಡು ಚೆನ್ನಾಗಿತ್ತು. ಬೀಚ್ ಮರಗಳಿಗೆ ಆಗಷ್ಟೇ ಎಳೆ ಎಲೆ ಬಂದಿತ್ತು. ಕೆಳಗೆ ಕಣ್ಣು ಹಾಯಿಸಿದಷ್ಟೂ ಬ್ಲೂಬೆಲ್ ಹೂವಿನ ನೀಲಿ. ಗೇಟು ದಾಟಿದ ಕೂಡಲೇ "ಎಷ್ಟು ಚಂದ ಉಂಟಲ್ವಾ" ಎಂಬ ಮಾತು ಗಂಟಲವರೆಗೆ ಬಂತು. ನುಂಗಿದೆ. ನನ್ನ ಬಗ್ಗೆ ನನಗೇ ಗೌರವ ಹುಟ್ಟಿತು.

ಆಗ ಎದುರಿನಿಂದ ನಾಯಿ ಹಿಡಿದುಕೊಂಡು ಒಬ್ಬರು ಮುದುಕರು ಬಂದು "ಲವ್ಲಿ ಮಾರ್ನಿಂಗ್" ಎಂದರು. ಹಿರಿಯರು ತಾವಾಗಿ ಮಾತಾಡಿಸಿದಾಗ ಮುಖ ತಿರುಗಿಸಿ ಹೋಗುವುದು ನಮ್ಮ ಉಡುಪಿ ಕಡೆಯ ಸಂಸ್ಕಾರವಲ್ಲ. "ಲವ್ಲಿ ಮಾರ್ನಿಂಗ್" ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಾಯಿಯ ಹೆಸರು ಕೇಳದೆ ಹೋದರೆ ಏನು ಚಂದ? ಹೆಸರಾಯಿತು, ವಯಸ್ಸಾಯಿತು, ಅದರ ಹಲ್ಲುನೋವಾಯಿತು. ಅವರ ಸೊಂಟದ ಆಪರೇಷನ್ನಿಗೆ ಬರುವಷ್ಟರಲ್ಲಿ ವಿನಯಾ ದಾರಿಯ ತಿರುವಿನಲ್ಲಿ ಕಾಣದಾಗಿದ್ದಳು. ಓಡಿಹೋಗಿ ಹಿಡಿದೆ.

"ಅವರಾಗಿ ಮಾತಾಡ್ಸಿದ್ರು ಅಂತ ಇದೊಂದು ಮಾಫಿ. ಇನ್ನೊಂದಿಲ್ಲ," ಎಂದಳು.

ನಾನು ಹಲ್ಲು ಕಚ್ಚಿ ತಲೆಯಾಡಿಸಿದೆ. ಮುಂದೆ ಹತ್ತು ಹೆಜ್ಜೆ ಹೋಗಿಲ್ಲ, ಜೇಬಿನಿಂದ ಚೆಂಡೆಯ ಸದ್ದು! ಫೆಲ್ಥಮ್‌ನಲ್ಲಿರುವ ಗೆಳೆಯ ಸದಾನಂದನ ಫೋನು. ಅವನ ಕರೆಗೆಂದೇ ಯಕ್ಷಗಾನದ ಅಬ್ಬರದ ಚೆಂಡೆ ಹಾಕಿಟ್ಟಿದ್ದವನು ನಾನೇ. ಮರದ ಮೇಲಿದ್ದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ಹೋದವು. ಮಾತಾಡಿದ್ದು ಫೋನು, ನಾನಲ್ಲ ಎಂದು ಹೇಳಬೇಕೆನಿಸಿತು. ಹೇಳಿದರೆ ಮಾತಾಡಿದಂತಾಗುತ್ತದೆ. ಫೋನನ್ನು ಆಫ್ ಮಾಡಿ ಊಟದ ಚೀಲದ ತಳಕ್ಕೆ ತುರುಕಿದೆ. ಆಕಾಶವೇ ಕಳಚಿ ಬಿದ್ದರೂ ಇನ್ನು ಬಾಯಿ ತೆರೆಯುವುದಿಲ್ಲವೆಂದು ತೀರ್ಮಾನಿಸಿದೆ.

ಬಿದ್ದ ಮರದ ದಿಮ್ಮಿಯೊಂದರ ಮೇಲೆ ವಿನಯಾ ಕಣ್ಣು ಮುಚ್ಚಿ ಕೂತಳು. ನಾನು ಸುತ್ತ ನೋಡಿದೆ. ಹಿಂದಿನ ಇಳಿಜಾರು ದರೆಯ ತುಂಬ ಹೊಳೆಯುವ ಹಸಿರೆಲೆಗಳು. ಬಾಣದ ತುದಿಯ ಆಕಾರ, ಉದ್ದ ದಂಟು, ಮೇಲೆ ಕರಿ ಚುಕ್ಕೆ. ಕೆಸು!

ಕರಾವಳಿಯವನ ಮುಂದೆ ಕೆಸುವಿನ ಎಲೆ ಬಂದರೆ ಅವನಿಗೆ ಎಲೆ ಕಾಣುವುದಿಲ್ಲ, ಪತ್ರೊಡೆ ಕಾಣುತ್ತದೆ. ಅಕ್ಕಿ ಹಿಟ್ಟು ಸವರಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿ, ಮೇಲೆ ತೆಂಗಿನೆಣ್ಣೆ. ಸೌತಾಲ್‌ನ ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನೊಳಗೆ ಬಾಡಿ ಮಲಗಿದ ಎಲೆಯಲ್ಲೇ ತೃಪ್ತಿಪಟ್ಟುಕೊಂಡಿದ್ದ ನನಗೆ ಇಲ್ಲಿ ಇಡೀ ಗುಡ್ಡವೇ ಸಿಕ್ಕಿತ್ತು. ಅದರಲ್ಲೂ ಕಪ್ಪು ಇರುವ ಕೆಸು ಪತ್ರೊಡೆಗೆ ಬಲು ಶ್ರೇಷ್ಠ. ವಿನಯಾಳನ್ನು ಒಂದು ಮಾತು ಕೇಳಿದ್ದರೆ "ಬೇಡ" ಎನ್ನುತ್ತಿದ್ದಳು, ಕಥೆ ಮುಗಿಯುತ್ತಿತ್ತು. ಆದರೆ ನಾನು ವ್ರತದಲ್ಲಿದ್ದೆ. ಕೇಳುವಂತಿಲ್ಲ.

ಎಲೆ ತುರಿಸುವ ಜಾತಿಯೋ ಅಲ್ಲವೋ ಎಂದು ಪರೀಕ್ಷಿಸುವುದು ವಿವೇಕಿಯ ಲಕ್ಷಣ. ಒಂದು ಚೂರು ಹರಿದು, ಸಂಪೂರ್ಣ ಮೌನವಾಗಿ, ಬಾಯಿಗೆ ಹಾಕಿ ಜಗಿದೆ.

ಮೊದಲು ಏನೂ ಆಗಲಿಲ್ಲ. ಆಮೇಲೆ ಎಲ್ಲವೂ ಆಯಿತು. ಸಾವಿರ ಸೂಜಿ ಒಟ್ಟಿಗೆ ನಾಲಿಗೆಗೆ ಚುಚ್ಚಿದವು. ಉಗುಳಿದೆ. ತುಟಿಗೆ ಬೆಂಕಿ ಬಿತ್ತು. ಆ ಹೊತ್ತಿನಲ್ಲೂ ನನ್ನ ಪಾಕಜ್ಞಾನ ಕೈಬಿಡಲಿಲ್ಲ: ಕೆಸುವಿನ ತುರಿಕೆಗೆ ಹುಳಿಯೇ ಮದ್ದು. ಚೀಲದಲ್ಲಿ ಮೊಸರನ್ನದ ಜೊತೆಗೆ ಮಾವಿನ ಮಿಡಿ ಉಪ್ಪಿನಕಾಯಿ ಇತ್ತು. ಹುಳಿ ಎಂದರೆ ಹುಳಿಯೇ ಅಲ್ಲವೇ? ಒಂದು ಮಿಡಿಯನ್ನು ಇಡಿಯಾಗಿ ಬಾಯಿಗೆ ತುಂಬಿದೆ. ಅದರಲ್ಲಿ ಮೆಣಸೂ ಇರುತ್ತದೆಂಬುದು ನೆನಪಾದದ್ದು ತುಂಬಿದ ಮೇಲೆ.

ನಾನು ವಿನಯಾಳ ಮುಂದೆ ನಿಂತು ಕೈಕಾಲು ಬಡಿಯತೊಡಗಿದೆ. ಅವಳು ಕಣ್ಣು ತೆರೆಯದೆಯೇ ಅಂದಳು: "ಸನ್ನೆಯೂ ಮಾತೇ. ಸುಮ್ಮನೆ ಕೂತ್ಕೊಳ್ಳಿ."

ಕೊನೆಗೆ ನಾನು ಅವಳ ಭುಜ ಹಿಡಿದು ಅಲುಗಾಡಿಸಿದೆ. ಅವಳು ನೋಡಿದಳು. ನನ್ನ ತುಟಿ ಬನ್ಸ್‌ನ ಹಾಗೆ ಉಬ್ಬಿತ್ತಂತೆ. ಕ್ಷಣದಲ್ಲೇ ಅವಳು ಹೆಂಡತಿಯ ಹುದ್ದೆಯಿಂದ ರಿಸೆಪ್ಷನಿಸ್ಟ್ ಹುದ್ದೆಗೆ ಬಂದಳು.

"ಉಸಿರಾಟ ಸರಿ ಉಂಟಾ? ತಲೆಯಾಡ್ಸಿದ್ರೆ ಸಾಕು. ನುಂಗಿದ್ರಾ? ಇಲ್ವಾ? ಯಾವ ಎಲೆ, ತೋರ್ಸಿ."

ತೋರಿಸಿದೆ. ಅವಳು ಅದರ ಫೋಟೋ ತೆಗೆದು ನಿಧಿಗೆ ಕಳಿಸಿದಳು, ವೈದ್ಯಕೀಯ ಸಲಹೆ ಕೊಡುವ ಸಹಾಯವಾಣಿಗೆ ಫೋನು ಹಚ್ಚಿದಳು. ಆ ಕಡೆಯವರು ರೋಗಿಯ ಹತ್ತಿರ ಮಾತಾಡಬೇಕೆಂದರು.

"ಸಾರಿ, ಹಿ ಕಾಂಟ್ ಸ್ಪೀಕ್," ಎಂದಳು. ಇಷ್ಟು ವರ್ಷದ ದಾಂಪತ್ಯದಲ್ಲಿ ಅವಳ ಮುಖದಲ್ಲಿ ಅಂಥ ಶಾಂತಿಯನ್ನು ನಾನು ಕಂಡದ್ದಿಲ್ಲ.

ಬಾಯಿ ಚೆನ್ನಾಗಿ ತೊಳೆಯಬೇಕು, ತಣ್ಣಗಿರುವುದನ್ನು ಬಾಯಲ್ಲಿಟ್ಟುಕೊಳ್ಳಬೇಕು, ಊತ ಹೆಚ್ಚಾದರೆ ಅಥವಾ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆ ಎಂದು ಅಪ್ಪಣೆಯಾಯಿತು. ಅವಳು ಬಾಟಲಿಯ ನೀರೆಲ್ಲ ಖಾಲಿ ಮಾಡಿ ಬಾಯಿ ತೊಳೆಸಿದಳು, ಮೊಸರನ್ನದ ಮೇಲಿನ ಮೊಸರನ್ನು ಚಮಚದಲ್ಲಿ ತೆಗೆತೆಗೆದು ಕೊಟ್ಟಳು. ಫೋಟೋ ನೋಡಿ ನಿಧಿ ವಿನಯಾಳ ಫೋನಿಗೆ ಕರೆ ಮಾಡಿದಳು. "ಅಪ್ಪಾ, ದಟ್ಸ್ ಪಾಯ್ಸನಸ್! ಹೂ ಈಟ್ಸ್ ರ‍್ಯಾಂಡಮ್ ಲೀವ್ಸ್?" ಅದು ಕೆಸುವಿನ ಕುಟುಂಬದ್ದೇ ಅಂತೆ, ಆದರೆ ವಿಷದ ಗಿಡವಂತೆ. ಕುಟುಂಬ ಗುರುತಿಸಿದ್ದರಲ್ಲಿ ನಾನು ತಪ್ಪಿಲ್ಲ ಎಂದು ವಾದಿಸಲು ಬಾಯಿ ತೆರೆದೆ. "ಗ್ರ್" ಎಂದಷ್ಟೇ ಬಂತು.

ಉರಿ ನಿಧಾನವಾಗಿ ಇಳಿಯಿತು, ನಾಲಿಗೆ ಮಾತ್ರ ದಪ್ಪವಾಗಿಯೇ ಉಳಿಯಿತು. ನನ್ನ ಮೇಲೆ ಒಂದು ಕಣ್ಣಿಟ್ಟುಕೊಂಡೇ ವಿನಯಾ ದಿಮ್ಮಿಗೆ ಒರಗಿ ಕೂತಳು. ಎಲ್ಲೋ ಮರಕುಟಿಗ ಟಕಟಕ ಎನ್ನುತ್ತಿತ್ತು. ಗಾಳಿಗೆ ಎಲೆಗಳು ಅಲುಗುವುದು ಕೇಳಿಸಿತು. ಇಷ್ಟೆಲ್ಲ ಸದ್ದು ಮೊದಲಿನಿಂದಲೂ ಅಲ್ಲಿತ್ತೋ ಏನೋ, ನನಗೆ ಅದನ್ನೂ ಯಾರಿಗಾದರೂ ಹೇಳಬೇಕೆನಿಸಿತು. ಅವಳು ನನ್ನ ಕೈ ಹಿಡಿದುಕೊಂಡಳು. ನಾವು ಹಾಗೆಯೇ ತುಂಬ ಹೊತ್ತು ಕೂತಿದ್ದೆವು. ನನಗೆ ಅದು ಇಷ್ಟವಾಯಿತು, ನಾಲಿಗೆಯೊಂದನ್ನು ಬಿಟ್ಟು.

ಗೇಟಿನ ಹೊರಗೆ ಬಂದು ಕಾರಿನ ಕೀ ಇಸಿದುಕೊಳ್ಳುತ್ತಾ ಅವಳು ತೀರ್ಪು ಕೊಟ್ಟಳು. "ಗೆದ್ರಿ ಮಾರಾಯ್ರೆ. ನಾನು ಗ್ರೂಪಿಗೆ ಹೋಗುದಿಲ್ಲ. ಭಾನುವಾರ ನಿಮ್ಮದೇ."

ಬಾಯಿ ಸರಿಯಾದ ಮೇಲೆ ಈ ವಿಜಯವನ್ನು ಗೋದಾಮಿನಲ್ಲಿ ಎಲ್ಲರಿಗೂ ಹೇಳಿದೆ. ಸದಾನಂದನಿಗೆ ಎರಡು ಸಲ ಹೇಳಿದೆ. ಮುಂದಿನ ಶನಿವಾರ ಸಂಜೆ ಅದನ್ನೇ ವಿನಯಾಳಿಗೆ ಮತ್ತೊಮ್ಮೆ ವಿವರಿಸುತ್ತಿದ್ದಾಗ ಅವಳು ಚಹಾದ ಲೋಟ ಕೆಳಗಿಟ್ಟಳು.

"ನಾಳೆ ಪುನಃ ಅದೇ ಕಾಡಿಗೆ ಹೋಗುವಾ?"

ನಾನು ಹಿಗ್ಗಿದೆ. ಹೆಂಡತಿ ತಾನಾಗಿ ಕರೆಯುತ್ತಿದ್ದಾಳೆ!

"ಆ ಎಲೆ ಇನ್ನೂ ಅಲ್ಲಿ ಇರ್ಬಹುದಲ್ವಾ?" ಎಂದಳು.

ನಾನು ಉತ್ತರ ಕೊಡಲಿಲ್ಲ. ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ.