ಕಿತ್ತ ಹಲ್ಲಿನ ಸದ್ಗತಿ

ಪ್ರತಿ ಮನುಷ್ಯನಿಗೂ ಒಂದು ಕೆಲಸಕ್ಕೆ ಬಾರದ ಕುತೂಹಲ ಇರುತ್ತದೆ. ಕೆಲವರಿಗೆ ಪಕ್ಕದ ಮನೆಗೆ ಯಾರು ಬಂದರು ಎಂಬುದು, ಕೆಲವರಿಗೆ ಮದುವೆಮನೆಯ ಪಾಯಸಕ್ಕೆ ಬೆಲ್ಲ ಹಾಕಿದರೋ ಸಕ್ಕರೆ ಹಾಕಿದರೋ ಎಂಬುದು. ನನ್ನದು ಕಸದ ಕುತೂಹಲ. ಎಸೆದದ್ದು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ತಲೆ ಕೆಡಿಸಿಕೊಳ್ಳುವುದು ನನ್ನ ಹಳೆಯ ಚಾಳಿ. ಕಸದ ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಗೇಟಿನ ಹತ್ತಿರ ನಿಂತಿರುವ ನನ್ನನ್ನು ಕಂಡು ಹೆಂಡತಿ, “ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ ನಿಂತಿದ್ದೀರಲ್ಲ, ಒಳಗೆ ಬನ್ನಿ” ಎನ್ನುತ್ತಾಳೆ. ಈ ಚಾಳಿ ನನಗೆ ಅಮ್ಮನಿಂದಲೇ ಬಂದದ್ದು ಎಂದು ತಿಳಿದದ್ದು ಮಾತ್ರ ಇತ್ತೀಚೆಗೆ, ಅವಳ ದವಡೆ ಊದಿಕೊಂಡಾಗ.

ಅಮ್ಮ ದೇವಸ್ಥಾನದ ಅರ್ಚಕರ ಮನೆಗೆ ಸೊಸೆಯಾಗಿ ಮಡಿಕೇರಿಗೆ ಬಂದವಳು. ಅಕ್ಕಿರೊಟ್ಟಿ ಇಲ್ಲದೆ ಅವಳಿಗೆ ಬೆಳಗಾಗುವುದಿಲ್ಲ. ಅಂಥವಳು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಒಂದೇ ಕಡೆಯಲ್ಲಿ ಅಗಿಯುತ್ತಾ, ಕೆನ್ನೆಗೆ ಕೈ ಕೊಟ್ಟು ಕೂತಿರುತ್ತಿದ್ದಳು. ಲವಂಗವಾಯಿತು, ಉಪ್ಪುನೀರಾಯಿತು. ಹಲ್ಲಿನ ಡಾಕ್ಟರಿಗೆ ಫೋನು ಮಾಡಿ ಹೇಳಿದರೆ, ಈ ವಯಸ್ಸಿನಲ್ಲಿ ಕೀವು ಹರಡಿದರೆ ಕಷ್ಟ, ಹಲ್ಲು ಕೀಳಿಸಲು ತಡ ಮಾಡಬೇಡಿ ಎಂದರು. ಅಮ್ಮ ಜಪ್ಪಯ್ಯ ಎಂದರೂ ಏಳಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಗತೊಡಗಿತ್ತು.

“ಕೀಳಿಸ್ಲಿಕ್ಕೆ ನನಗೆಂತ ಹೆದರಿಕೆಯಾ? ಕಿತ್ತ ಮೇಲೆ ಹಲ್ಲನ್ನು ಎಂತ ಮಾಡ್ತಾರೆ, ಅದು ಹೇಳು” ಎಂದಳು.

“ಡಬ್ಬಿಗೆ ಹಾಕ್ತಾರೆ.”

“ಡಬ್ಬಿಯಿಂದ ಎಲ್ಲಿಗೆ ಹೋಗ್ತದೆ?”

ನಮ್ಮ ಮನೆಯಲ್ಲಿ ಬಿದ್ದ ಹಲ್ಲನ್ನು ಸಗಣಿಯುಂಡೆಯಲ್ಲಿ ಹುದುಗಿಸಿ ಹೆಂಚಿನ ಮಾಡಿನ ಮೇಲೆ ಎಸೆಯುವುದು ಕ್ರಮ. ಹಾಲುಹಲ್ಲಿಗೆ ಎಲ್ಲರೂ ಮಾಡುತ್ತಾರೆ. ನಮ್ಮಲ್ಲಿ ಮುದುಕರ ಹಲ್ಲಿಗೂ ಅದೇ ಮರ್ಯಾದೆ. ಚಿಕ್ಕವನಿದ್ದಾಗ ನಾನು ಎಸೆದ ಮೊದಲ ಉಂಡೆ ಗುರಿ ತಪ್ಪಿ ಪಕ್ಕದ ಮನೆಯವರು ಒಣಗಲು ಹಾಕಿದ್ದ ಹಪ್ಪಳದ ಮೇಲೆ ಬಿದ್ದಿತ್ತು. ನನ್ನ ಮುಂದಿನ ಹಲ್ಲು ಸೊಟ್ಟಗಿರುವುದಕ್ಕೆ ಅದೇ ಕಾರಣವೆಂದು ಅಮ್ಮ ಇವತ್ತಿಗೂ ನಂಬಿದ್ದಾಳೆ. ಹೀಗಿರುವಾಗ ಅವಳ ಹಲ್ಲು ನಾಯಿ ಮೂಸುವ ಕಸದ ರಾಶಿಗೆ ಹೋಗುವುದೆಂದರೆ ಅವಳಿಗೆ ಸಹಿಸಲಾಗದ ಮಾತು. ಕೊನೆಗೆ ಅವಳೇ ದಾರಿ ತೋರಿಸಿದಳು. “ನಿನ್ನದೂ ಒಂದು ಹಾಳು ದವಡೆಹಲ್ಲು ಉಂಟಲ್ಲ. ಮೊದಲು ನೀನು ಕೀಳಿಸು. ಅದು ಎಲ್ಲಿಗೆ ಹೋಗ್ತದೆ ಅಂತ ಸರಿಯಾಗಿ ನೋಡಿಕೊಂಡು ಬಾ. ಆಮೇಲೆ ನಾನು.”

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು ಹೀಗೆ ವಿಜ್ಞಾನದ ಪ್ರಯೋಗಪಶುವಾಗಿ ಆ ಹಲ್ಲಿನ ಡಾಕ್ಟರ್ ಮುತ್ತಮ್ಮನವರ ಕುರ್ಚಿ ಏರಿದೆ. ಹಲ್ಲು ಕಿತ್ತು ಬಂದದ್ದೇ ತಿಳಿಯಲಿಲ್ಲ, ಏಕೆಂದರೆ ನನ್ನ ಕಣ್ಣೆಲ್ಲ ಮೂಲೆಯ ಡಬ್ಬಿಗಳ ಮೇಲಿತ್ತು. ಹಳದಿ, ಕೆಂಪು, ಬಿಳಿ, ನೀಲಿ. ಬಾಯಿ ತುಂಬ ಹತ್ತಿ ಇಟ್ಟುಕೊಂಡು ಒಂದೊಂದಕ್ಕೂ ಬೆರಳು ತೋರಿಸಿದೆ. ನೋವು ಎಷ್ಟು ದಿನ ಎಂದು ಕೇಳುವವರನ್ನೇ ಕಂಡಿದ್ದ ಆ ಡಾಕ್ಟರಮ್ಮನಿಗೆ ನನ್ನ ಪ್ರಶ್ನೆ ಖುಷಿ ಕೊಟ್ಟಿರಬೇಕು.

“ನೋಡಿ ಸರ್, ರಕ್ತದ ಹತ್ತಿ, ಕಿತ್ತ ಹಲ್ಲು ಎಲ್ಲ ಹಳದಿಗೆ. ಅದು ದೊಡ್ಡ ಕುಲುಮೆಗೆ ಹೋಗಿ ಬೂದಿ ಆಗ್ತದೆ. ಗ್ಲೌಸು, ಪೈಪು, ಪ್ಲಾಸ್ಟಿಕ್ಕೆಲ್ಲ ಕೆಂಪಿಗೆ, ಅದನ್ನು ಸುಡ್ಲಿಕ್ಕಿಲ್ಲ. ಸೂಜಿ ಈ ಬಿಳಿ ಗಟ್ಟಿ ಡಬ್ಬಿಗೆ. ಇಲ್ಲದಿದ್ರೆ ಕಸ ಎತ್ತುವವರ ಕೈಗೆ ಚುಚ್ತದಲ್ಲ? ಗಾಜು ನೀಲಿಗೆ. ಬೀದಿ ಕಸಕ್ಕೆ ಒಂದೂ ಹೋಗುವುದಿಲ್ಲ. ಇದಕ್ಕೇ ಬೇರೆ ಗಾಡಿ ಬರ್ತದೆ.”

ನನಗೆ ಕುರ್ಚಿಯಿಂದ ಹಾರಿ ಕುಣಿಯುವಷ್ಟು ಸಂತೋಷವಾಯಿತು. ಅಷ್ಟರಲ್ಲಿ ಅವರು ನನ್ನ ಹಲ್ಲನ್ನು ನಾಲ್ಕೂ ಡಬ್ಬಿ ಬಿಟ್ಟು ಕಪಾಟಿನ ಒಂದು ಭರಣಿಯ ಕಡೆ ಒಯ್ದರು. ನಾನು ಹತ್ತಿಯ ನಡುವಿನಿಂದಲೇ ಆಕ್ಷೇಪಿಸಿದೆ. “ನಿಮ್ಮದಕ್ಕೆ ಹಿಂದೆ ಯಾರೋ ಬೆಳ್ಳಿ ತುಂಬಿಸಿದ್ದಾರೆ ಸರ್. ಅದರಲ್ಲಿ ಪಾದರಸ ಉಂಟು. ಸುಟ್ಟರೆ ಹೊಗೆಯಾಗಿ ಗಾಳಿಗೆ ಸೇರ್ತದೆ. ಇದನ್ನು ಬೇರೆ ಇಟ್ಟು, ಭರಣಿ ತುಂಬಿದ ಮೇಲೆ ಪಾದರಸ ತೆಗೆಯುವವರಿಗೆ ಕಳಿಸ್ತೇನೆ.” ಅಮ್ಮನಿಗೆ ತೋರಿಸಲು ಬೇಕೇ ಬೇಕೆಂದು ಸನ್ನೆಯಲ್ಲೇ ಗೋಗರೆದ ಮೇಲೆ, ಔಷಧಿಯಲ್ಲಿ ಅದ್ದಿ ಸಣ್ಣ ಬಾಟಲಿಗೆ ಹಾಕಿ ಕೊಟ್ಟರು. “ಒಲೆಗೆ ಹಾಕಬೇಡಿ, ನೀರಿಗೆ ಬಿಡಬೇಡಿ, ವಾಪಸು ತಂದರೆ ಒಳ್ಳೆಯದು” ಎಂದೂ ಹೇಳಿದರು.

ಬಾಟಲಿ ಕಂಡದ್ದೇ ಅಮ್ಮ ಸಗಣಿ ತರಲು ಹೊರಟಳು. ನಾನು ಪಾದರಸದ ಕಥೆ ಹೇಳಿದೆ. ಸುಮ್ಮನೆ ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಮೇಷ್ಟರ ಬಾಯಿ, ನಿಲ್ಲಲಿಲ್ಲ; ಮಾಡಿನ ಮಳೆನೀರು ಎಲ್ಲಿಗೆ ಹೋಗುತ್ತದೆಂಬ ಪಾಠವನ್ನೂ ಒಪ್ಪಿಸಿಬಿಟ್ಟೆ. ನಮ್ಮ ಮನೆ ಗುಡ್ಡದ ನೆತ್ತಿಯ ಏಣಿನ ಮೇಲಿದೆ. ಮಾಡಿನ ಮೂಡು ಇಳಿಜಾರಿನ ಮಳೆನೀರು ತೋಡು ಹಿಡಿದು ಕೊನೆಗೆ ಕಾವೇರಿ ಸೇರುತ್ತದೆ, ಪಡು ಇಳಿಜಾರಿನದು ಸಂಪಾಜೆಯ ಕಡೆ ಇಳಿದು ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ವರ್ಷವರ್ಷವೂ ನಕಾಶೆಗೆ ಕೋಲು ಇಟ್ಟು ಇದನ್ನು ಪಾಠ ಮಾಡಿದವನು ನಾನು. ನನ್ನ ತಲೆಯ ಮೇಲಿನ ಹೆಂಚಿಗೂ ಅದು ಅನ್ವಯಿಸುತ್ತದೆಂದು ಹೊಳೆದದ್ದು ಆಗಲೇ.

ಅಮ್ಮ ಸಗಣಿಯುಂಡೆ ಹಿಡಿದು ಅಂಗಳದಲ್ಲಿ ನಿಂತೇಬಿಟ್ಟಳು; ಹಲ್ಲು ಇನ್ನೂ ನನ್ನ ಕೈಯ ಬಾಟಲಿಯಲ್ಲೇ ಇತ್ತು. ಮೂಡಣದ ಮಾಡು ನೋಡಿದಳು. “ಕಾವೇರಮ್ಮನಿಗೆ ವಿಷ ಹಾಕುವುದಾ? ತುಲಾ ಸಂಕ್ರಮಣಕ್ಕೆ ಯಾವ ಮುಖ ಇಟ್ಟುಕೊಂಡು ತೀರ್ಥ ತಕ್ಕೊಳ್ಳುವುದು?” ಪಡುವಣಕ್ಕೆ ತಿರುಗಿದಳು. “ಆ ಕಡೆ ಎಸಿ. ಸಮುದ್ರ ದೊಡ್ಡದು, ಏನೂ ಆಗುವುದಿಲ್ಲ.” ನಾನು ಬಾಟಲಿಯ ಮುಚ್ಚಳಕ್ಕೆ ಕೈ ಹಾಕಿದ್ದೇ ಅಮ್ಮ ಕೂಗಿದಳು. “ತಡಿ ತಡಿ! ಸಂಪಾಜೆಯಲ್ಲಿ ನಿನ್ನ ಅಕ್ಕ ಇದ್ದಾಳಲ್ಲ! ಅವಳ ತೋಟಕ್ಕೆ ಹೊಳೆಯ ನೀರೇ ಬಿಡುವುದು!”

ಅಷ್ಟು ಚೂರು ಬೆಳ್ಳಿಯಿಂದ ಏನಾಗುತ್ತದೆ ಎಂದು ಹೆಂಡತಿ ಕಿಟಕಿಯಿಂದ ಕೇಳಿದಳು. ಅಮ್ಮ ಬರಿಯ ಉಂಡೆಯನ್ನು ಹೂವಿನ ಗಿಡದ ಬುಡಕ್ಕೆ ಹಾಕಿ ಕೈ ತೊಳೆದಳು. “ಊರಿನವರೆಲ್ಲ ಹಾಗೇ ಹೇಳಿದ್ರೆ? ಈ ಗುಡ್ಡದಲ್ಲಿ ನಮ್ಮಿಂದ ಮೇಲೆ ಯಾರೂ ಇಲ್ಲ, ಎಲ್ಲರೂ ಕೆಳಗೇ ಇರುವುದು. ಹಲ್ಲನ್ನು ಡಾಕ್ಟರಿಗೇ ವಾಪಸು ಕೊಟ್ಟು ಬಾ.” ಕೆನ್ನೆ ಮುಟ್ಟಿಕೊಂಡು ಕೇಳಿದಳು: “ನನ್ನ ಹಲ್ಲಿಗೆ ಬೆಳ್ಳಿ ಇಲ್ಲವಲ್ಲ?”

ಇರಲಿಲ್ಲ. ಕೀವು ಇಳಿಯಲು ಕೆಲವು ದಿನ ಮಾತ್ರೆ ಕೊಟ್ಟು ಮುತ್ತಮ್ಮ ಡಾಕ್ಟರು ಅಮ್ಮನ ಹಲ್ಲು ಕಿತ್ತರು. ಅದು ಹಳದಿ ಡಬ್ಬಿಗೆ ಬೀಳುವಾಗ ಅಮ್ಮ ಒಂದು ಕೈಯಲ್ಲಿ ಹತ್ತಿ ಒತ್ತಿಕೊಂಡೇ “ಬೆಂಕಿಗೇ ಅಲ್ವಾ?” ಎಂದಳು. “ಬೆಂಕಿಗೇ ಅಜ್ಜಿ.” “ಹಾಗಾದ್ರೆ ಅಗ್ನಿಗೆ ಕೊಟ್ಟ ಹಾಗೆ” ಎಂದು ಹಳದಿ ಡಬ್ಬಿಗೆ ಕೈ ಮುಗಿದಳು. ಈಗ ಮತ್ತೆ ಅವಳ ಅಕ್ಕಿರೊಟ್ಟಿಗೆ ಹಾಲು ಬೇಡ. ಅವಳು ಎರಡೂ ಕಡೆ ಅಗಿಯುವುದನ್ನು ನೋಡುತ್ತಾ ಕೂತರೆ ನನಗೆ ಹೊಟ್ಟೆ ತುಂಬುತ್ತದೆ.

ಆದರೆ ಅವಳು ಬಿಡಬೇಕಲ್ಲ! “ನಿನ್ನ ಹಲ್ಲಿಗೆ ಗಾಡಿ ಬಂತಾ?” ಎಂದು ಆಗಾಗ ಕೇಳುತ್ತಾಳೆ. ಎಲ್ಲಿಂದ ಬರಬೇಕು? ಬೆಳ್ಳಿ ಹಲ್ಲಿನ ಭರಣಿ ತುಂಬಿಲ್ಲ. ನನ್ನ ವಂಶದಲ್ಲಿ ಮಾಡೂ ಸಿಗದೆ, ಅಗ್ನಿಯೂ ಸಿಗದೆ ಅತಂತ್ರವಾಗಿ ಕೂತಿರುವುದು ನನ್ನದೊಂದೇ. ಭರಣಿ ತುಂಬಬೇಕಾದರೆ ಇನ್ನಷ್ಟು ಜನ ಬೆಳ್ಳಿ ಹಲ್ಲು ಕೀಳಿಸಬೇಕು. ಮೊನ್ನೆ ಮೀಟಿಂಗಿನಲ್ಲಿ ಹೆಡ್‌ಮಾಸ್ಟರು ಆಕಳಿಸಿದಾಗ ನಾನು ಅರಿವಿಲ್ಲದೆ ಬಗ್ಗಿ ಒಳಗೆ ನೋಡಿದೆ. ಎಡಗಡೆ ಎರಡು ಮಿಂಚಿದವು. “ಸರ್, ಅವು ನೋಯ್ತಾ ಇಲ್ವಾ?” ಎಂದು ಆಸೆಯಿಂದ ಕೇಳಿಯೂಬಿಟ್ಟೆ. ಅಂದಿನಿಂದ ನಾನು ಸ್ಟಾಫ್ ರೂಮಿಗೆ ಕಾಲಿಟ್ಟರೆ ಯಾರೂ ಬಾಯಿ ಬಿಟ್ಟು ನಗುವುದಿಲ್ಲ.